ಉಪಗ್ರಹಕ್ಕೆ ನಿಮ್ಮ ದಾರಿ ಗೊತ್ತಿಲ್ಲ

ವೈಟ್‌ಫೀಲ್ಡ್‌ನಲ್ಲಿ ಕ್ಯಾಬ್‌ಗೆ ಕಾಯುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಊಟದ ಪೊಟ್ಟಣ ಹೊತ್ತು ಬೈಕ್ ಓಡಿಸುವ ಹುಡುಗರು, ಪೀಣ್ಯದ ಶೆಡ್ಡುಗಳಿಗೆ ಸರಕು ತರುವ ಲಾರಿ ಚಾಲಕರು ಎಲ್ಲರ ಬಾಯಲ್ಲೂ ಕೇಳಿಬರುವ ದೂರು ಒಂದೇ: ‘ಜಿಪಿಎಸ್ ತಪ್ಪು ತೋರಿಸ್ತಿದೆ.’ ಈ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ತಪ್ಪುಗಳು ಅಡಗಿವೆ. ವಾಹನ ನಿಂತಿರುವ ಜಾಗವನ್ನೇ ಫೋನು ತಪ್ಪಾಗಿ ಲೆಕ್ಕ ಹಾಕಿರಬಹುದು. ಜಾಗ ಸರಿಯಿದ್ದು ನಕ್ಷೆಯಲ್ಲಿ ರಸ್ತೆ ತಪ್ಪಿರಬಹುದು. ರಸ್ತೆ ಸರಿಯಿದ್ದು ಕಾರ್ಖಾನೆಯ ಗುರುತು ಹಿಂದಿನ ಕ್ರಾಸಿನಲ್ಲಿ ಕೂತಿರಬಹುದು. ಎಲ್ಲವೂ ಸರಿಯಿದ್ದು ದಟ್ಟಣೆಯ ಅಂದಾಜು ಕೈಕೊಟ್ಟಿರಬಹುದು. ಇವುಗಳಲ್ಲಿ ಉಪಗ್ರಹಕ್ಕೆ ಸಂಬಂಧಪಟ್ಟದ್ದು ಮೊದಲನೆಯದು ಮಾತ್ರ. ಉಪಗ್ರಹಗಳ ನೆರವಿನಿಂದ ನಮಗೆ ಸಿಗುವುದು ಎರಡೇ ಸಂಗತಿ: ನಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು. ದಾರಿ, ವಿಳಾಸ, ಟ್ರಾಫಿಕ್, ‘ಇನ್ನು 40 ನಿಮಿಷ’ ಎಂಬ ಭರವಸೆ ಎಲ್ಲವೂ ಮನುಷ್ಯರು ಬರೆದ ನಕ್ಷೆಯಿಂದ, ಇತರ ಫೋನುಗಳಿಂದ, ಕಂಪನಿಗಳ ಲೆಕ್ಕಾಚಾರದಿಂದ ಬಂದವು. ಯಾವುದು ಎಲ್ಲಿಂದ ಬಂತೆಂದು ತಿಳಿದವರಿಗೆ ಯಾವುದನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. ಕೆಲವೊಮ್ಮೆ ಇದು ಜೀವದ, ಕೆಲವೊಮ್ಮೆ ಜಮೀನಿನ ಪ್ರಶ್ನೆಯೂ ಆಗುವುದರಿಂದ ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು.

ನೆಲವನ್ನು ಅಳೆಯುವ ವಿದ್ಯೆಗೂ ಬೆಂಗಳೂರಿನ ಹೊರವಲಯಕ್ಕೂ ನಂಟು ಹಳೆಯದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕೃಷ್ಣರಾಜಪುರದಿಂದ ಅಗರದವರೆಗೆ ಸುಮಾರು 12 ಕಿ.ಮೀ. ಉದ್ದದ ನೇರ ರೇಖೆಯೊಂದನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಇಂದಿನ ಹೊರ ವರ್ತುಲ ರಸ್ತೆಯ ಐಟಿ ಪಟ್ಟಿ ಇರುವುದು ಹೆಚ್ಚೂಕಡಿಮೆ ಆ ಎರಡು ಊರುಗಳ ನಡುವೆಯೇ. ಉದ್ದ ಗೊತ್ತಿರುವ ಒಂದು ರೇಖೆ ಕೈಯಲ್ಲಿದ್ದರೆ ಅದರ ಎರಡು ತುದಿಗಳಿಂದ ದೂರದ ಗುಡ್ಡದತ್ತ ಕೋನ ಹಿಡಿದು, ಅಲ್ಲಿಗೆ ಹೋಗದೆಯೇ ಅದರ ಸ್ಥಾನ ಹೇಳಬಹುದು ಎಂಬುದು ಆ ಸರ್ವೆಯ ತಳಹದಿ. ಅದೇ ಬೆಳೆದು ಮುಂದೆ ಇಡೀ ಉಪಖಂಡವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯಾಯಿತು. ಉಪಗ್ರಹಗಳ ಕಾಲದಲ್ಲೂ ಈ ನಂಟು ಮುಂದುವರಿದಿದೆ. ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದು ಕಕ್ಷೆ ಸೇರಿದ್ದು 1975ರ ಏಪ್ರಿಲ್ 19ರಂದು. ಇಸ್ರೊದ ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರಾಕ್ ಕೇಂದ್ರ ಇರುವುದೂ ಪೀಣ್ಯದಲ್ಲೇ. ನಮ್ಮದೇ ಪಥದರ್ಶಕ ಉಪಗ್ರಹಗಳಾದ ‘ನಾವಿಕ್’ ವ್ಯವಸ್ಥೆಯ ನೆಲದ ಕೇಂದ್ರ ನಗರದ ಇನ್ನೊಂದು ಅಂಚಿನ ಬ್ಯಾಲಾಳಿನಲ್ಲಿ 2013ರಿಂದ ನಡೆಯುತ್ತಿದೆ. ವಿಮಾನಗಳಿಗೆ ಸ್ಥಾನದ ತಿದ್ದುಪಡಿ ಕಳಿಸುವ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿಯಲ್ಲಿದೆ. ಬೆಳಗಿನ ದಟ್ಟಣೆಯಲ್ಲಿ ಫೋನು ನೋಡುತ್ತ ಆ ದಾರಿಯಲ್ಲಿ ಸಾಗುವವರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರಲಿಕ್ಕಿಲ್ಲ.

ಲ್ಯಾಂಬ್ಟನ್ ನೆಚ್ಚಿದ್ದು ಕೋನವನ್ನು. ಉಪಗ್ರಹ ವ್ಯವಸ್ಥೆ ನೆಚ್ಚಿರುವುದು ಸಮಯವನ್ನು. ಅಮೆರಿಕದ ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಪ್ರತಿಯೊಂದೂ ‘ನಾನು ಇಂಥ ಕಡೆ ಇದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಗಂಟೆ’ ಎಂಬ ಸಂದೇಶವನ್ನು ರೇಡಿಯೊ ಅಲೆಯಲ್ಲಿ ಬಿಡುವಿಲ್ಲದೆ ಬಿತ್ತರಿಸುತ್ತಿರುತ್ತದೆ. ಆ ಅಲೆ ನಮ್ಮ ಫೋನು ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಹೊರಟ ಹೊತ್ತು, ತಲುಪಿದ ಹೊತ್ತು ಎರಡೂ ಗೊತ್ತಾದರೆ, ಬೆಳಕಿನ ವೇಗದಿಂದ ಗುಣಿಸಿ ಆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ಒಂದು ಉಪಗ್ರಹದಿಂದ ದೂರ ತಿಳಿದರೆ ನಾವು ಒಂದು ದೊಡ್ಡ ಗೋಳದ ಮೈಮೇಲೆ ಎಲ್ಲೋ ಇದ್ದೇವೆ ಎಂದಷ್ಟೇ ಗೊತ್ತಾಯಿತು. ಎರಡನೆಯದು ಸೇರಿದರೆ ಗೋಳಗಳು ಪರಸ್ಪರ ಕತ್ತರಿಸುವ ವೃತ್ತಕ್ಕೆ ಬಂದೆವು. ಮೂರನೆಯದರಿಂದ ಎರಡು ಬಿಂದುಗಳು ಉಳಿಯುತ್ತವೆ. ಅವುಗಳಲ್ಲಿ ಒಂದು ನೆಲದಿಂದ ಎಷ್ಟೋ ದೂರ ಅಂತರಿಕ್ಷದಲ್ಲಿ ಬೀಳುವುದರಿಂದ ಅದನ್ನು ಬಿಟ್ಟುಬಿಡಬಹುದು. ಹಾಗಾದರೆ ಮೂರು ಸಾಕಲ್ಲವೇ, ನಾಲ್ಕನೆಯದು ಏಕೆ? ನಮ್ಮ ಫೋನಿನ ಗಡಿಯಾರ ಅಗ್ಗದ್ದು, ಅದಕ್ಕಾಗಿ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಫೋನಿನ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಪ್ರತಿ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ನಾಲ್ಕನೇ ಉಪಗ್ರಹದ ಸಂಕೇತವಿದ್ದರೆ ಸ್ಥಾನದ ಮೂರು ಅಂಶಗಳ ಜೊತೆ ಫೋನಿನ ಗಡಿಯಾರ ಎಷ್ಟು ತಪ್ಪಿದೆ ಎಂಬುದನ್ನೂ ಲೆಕ್ಕದಿಂದಲೇ ತೆಗೆಯಬಹುದು. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದ್ದು, ಜೇಬಿನಲ್ಲಿ ಸಾಧಾರಣ ಗಡಿಯಾರವಿದ್ದರೂ ಕೆಲಸ ನಡೆಯುವುದು ಈ ಜಾಣ್ಮೆಯಿಂದ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಭಾಗವೂ ಇದೇ.

ಮೇಲಿರುವ ಗಡಿಯಾರಕ್ಕೂ ತನ್ನದೇ ಆದ ತೊಡಕಿದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ, ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ, ಗುರುತ್ವ ಕಡಿಮೆಯಿರುವ ಕಡೆ ಗಡಿಯಾರ ಬೇಗ ಓಡುತ್ತದೆ. ಜಿಪಿಎಸ್ ಉಪಗ್ರಹದಲ್ಲಿ ಇವೆರಡೂ ಕೂಡಿ, ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಇದನ್ನು ಮೊದಲೇ ಸರಿಪಡಿಸದಿದ್ದರೆ ದೂರದ ಲೆಕ್ಕ ಒಂದು ದಿನದಲ್ಲೇ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತಿತ್ತು. ಪಠ್ಯಪುಸ್ತಕದಲ್ಲಿ ಓದಿ ಮರೆತ ಸಿದ್ಧಾಂತವೊಂದು ಪ್ರತಿ ಆಟೊ ಪ್ರಯಾಣದಲ್ಲಿ ದುಡಿಯುತ್ತಿದೆ.

ಹಾಗಾದರೆ ತಪ್ಪು ಎಲ್ಲಿ ನುಸುಳುತ್ತದೆ? ಮೊದಲ ಅಡ್ಡಿ ಆಕಾಶದಲ್ಲೇ ಇದೆ. ನೆಲದಿಂದ ಕೆಲವು ನೂರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ವಿದ್ಯುದಾವೇಶ ಪಡೆದ ಕಣಗಳು ರೇಡಿಯೊ ಅಲೆಯನ್ನು ತಡಮಾಡುತ್ತವೆ. ಭೂಮಿಯ ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ಈ ತೊಂದರೆ ಯುರೋಪಿಗಿಂತ ನಮಗೆ ಹೆಚ್ಚು. ಸೂರ್ಯ ಮುಳುಗಿದ ನಂತರದ ಕೆಲವು ಗಂಟೆಗಳಲ್ಲಿ ಅಲ್ಲಿಯ ಪದರ ವಿಶೇಷವಾಗಿ ಕದಡುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ಇಂಥ ತಪ್ಪು ಸಲ್ಲದು. ಅದಕ್ಕಾಗಿಯೇ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಗಗನ್ ಕಟ್ಟಿದವು. ದೇಶದ 15 ಕಡೆ ಸ್ಥಾನ ಖಚಿತವಾಗಿ ಗೊತ್ತಿರುವ ಕೇಂದ್ರಗಳು ಜಿಪಿಎಸ್ ಕೇಳುತ್ತಿರುತ್ತವೆ. ತಾವು ತೆಗೆದ ಅಳತೆಗಳನ್ನು ನಿಯಂತ್ರಣ ಕೇಂದ್ರಕ್ಕೆ ಕಳಿಸುತ್ತವೆ. ಅಲ್ಲಿ ತಿದ್ದುಪಡಿ ಲೆಕ್ಕವಾಗಿ, ಜಿಸ್ಯಾಟ್ ಉಪಗ್ರಹಗಳ ಮೂಲಕ ಮತ್ತೆ ಕೆಳಗೆ ಬರುತ್ತದೆ. ವಿಮಾನಗಳು ಇಳಿಯುವ ಹಂತದಲ್ಲಿ ಬಳಸಲೂ ಇದಕ್ಕೆ 2015ರ ಏಪ್ರಿಲ್‌ನಲ್ಲಿ ಮಾನ್ಯತೆ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ಇಂಡಿಗೊ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ಫೋನು ಹಿಡಿದವರಿಗೆ ಇನ್ನೊಂದು ಪರಿಹಾರವಿದೆ: ಎರಡು ಆವರ್ತನಗಳನ್ನು ಕೇಳುವ ಫೋನು. ತಡವಾಗುವ ಪ್ರಮಾಣ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ, ಎರಡನ್ನೂ ಹೋಲಿಸಿ ಫೋನೇ ಆ ತಪ್ಪನ್ನು ಕಳೆಯಬಲ್ಲದು. ಹೊಸ ಫೋನು ಕೊಳ್ಳುವವರು, ಅದರಲ್ಲೂ ಡೆಲಿವರಿ ಅಥವಾ ಟ್ಯಾಕ್ಸಿ ಕೆಲಸದವರು, ‘ಎಲ್1 ಜೊತೆ ಎಲ್5 ಇದೆಯೇ’ ಎಂದು ವಿವರಪಟ್ಟಿಯಲ್ಲಿ ನೋಡಿಕೊಳ್ಳುವುದು ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡುವುದಕ್ಕಿಂತ ಉಪಯುಕ್ತ.

ಎರಡನೇ ಅಡ್ಡಿ ನಾವೇ ಕಟ್ಟಿಕೊಂಡದ್ದು. ಜಿಪಿಎಸ್ ಉಪಗ್ರಹ ಪ್ರಸಾರಕ್ಕೆ ಬಳಸುವ ಶಕ್ತಿ ಹಳೆಯ ಕಾಲದ ಮನೆಯ ಬಲ್ಬು ಎಳೆಯುತ್ತಿದ್ದ ವಿದ್ಯುತ್ತಿನಷ್ಟು. ಅದು 20,000 ಕಿ.ಮೀ. ದಾಟಿ ನೆಲ ಮುಟ್ಟುವಾಗ ತೀರಾ ಕ್ಷೀಣವಾಗಿರುತ್ತದೆ. ಪೀಣ್ಯದ ತಗಡಿನ ಚಾವಣಿಯ ಶೆಡ್ಡಿನೊಳಗೆ, ಟೆಕ್ ಪಾರ್ಕಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಅದು ಸಿಗುವುದೇ ಇಲ್ಲ. ಅಂಥಲ್ಲಿ ಫೋನು ವೈಫೈ ಮತ್ತು ಮೊಬೈಲ್ ಟವರುಗಳನ್ನು ನೋಡಿ ಸ್ಥಾನ ಊಹಿಸುತ್ತದೆ. ವೈಟ್‌ಫೀಲ್ಡ್‌ನ ಗಾಜಿನ ಗೋಪುರಗಳ ನಡುವಿನ ತೊಂದರೆ ಬೇರೆ: ನೇರ ಸಂಕೇತಕ್ಕೆ ಕಟ್ಟಡ ಅಡ್ಡವಾಗಿ, ಎದುರಿನ ಗಾಜಿಗೆ ಬಡಿದು ಬಂದ ಸಂಕೇತ ಮಾತ್ರ ಫೋನಿಗೆ ಸಿಗುತ್ತದೆ. ಅದು ಸುತ್ತು ಬಳಸಿ ಬಂದಿರುವುದರಿಂದ ದೂರ ಹೆಚ್ಚಾಗಿ ಕಾಣುತ್ತದೆ, ನೀಲಿ ಚುಕ್ಕೆ ರಸ್ತೆಯ ಆಚೆ ಬದಿಗೆ ಹಾರುತ್ತದೆ. ಬಯಲಿನಲ್ಲಿ ಒಳ್ಳೆಯ ಫೋನಿನ ತಪ್ಪು ಐದು ಮೀಟರಿನ ಆಸುಪಾಸು. ಎತ್ತರದ ಕಟ್ಟಡಗಳ ನಡುವೆ ಅದು ಹತ್ತಾರು ಮೀಟರ್ ಆಗುವುದು ಸಾಮಾನ್ಯ. ನಕ್ಷೆಯಲ್ಲಿ ಚುಕ್ಕೆಯ ಸುತ್ತ ಕಾಣುವ ತೆಳು ನೀಲಿ ವೃತ್ತ ಅಲಂಕಾರಕ್ಕಿಲ್ಲ, ‘ಈ ವೃತ್ತದೊಳಗೆ ಎಲ್ಲೋ ಇದ್ದೀರಿ’ ಎಂದು ಫೋನು ತನ್ನ ಅನುಮಾನವನ್ನು ಹೇಳಿಕೊಳ್ಳುವ ರೀತಿ ಅದು. ವೃತ್ತ ದೊಡ್ಡದಿರುವಾಗ ಕ್ಯಾಬ್ ಕರೆಯಬೇಡಿ. ಕಟ್ಟಡದ ನೆರಳಿನಿಂದ ಹತ್ತು ಹೆಜ್ಜೆ ಆಚೆ ಬಂದು, ಅರ್ಧ ನಿಮಿಷ ನಿಂತು, ವೃತ್ತ ಕುಗ್ಗಿದ ಮೇಲೆ ಬುಕ್ ಮಾಡಿ. ಇಲ್ಲವೇ ಗೇಟಿನ ಗುರುತನ್ನು ಕೈಯಿಂದಲೇ ಸರಿಯಾದ ಕಡೆ ಇಡಿ.

ಎತ್ತರದ ವಿಷಯದಲ್ಲಂತೂ ಈ ವ್ಯವಸ್ಥೆ ಇನ್ನಷ್ಟು ದುರ್ಬಲ. ಉಪಗ್ರಹಗಳು ನಮ್ಮ ನಾಲ್ಕೂ ದಿಕ್ಕಿಗಿರುತ್ತವೆ, ಆದರೆ ಕಾಲ ಕೆಳಗೆ ಇರುವ ಉಪಗ್ರಹ ನಮಗೆ ಕಾಣುವುದಿಲ್ಲ. ಹಾಗಾಗಿ ಎತ್ತರದ ತಪ್ಪು ಅಡ್ಡಗಲದ ತಪ್ಪಿನ ಒಂದೂವರೆ ಎರಡು ಪಟ್ಟು. ಬೆಂಗಳೂರಿನ ಹೊರವಲಯದಲ್ಲಿ ಇದು ದಿನನಿತ್ಯದ ಸಮಸ್ಯೆ. ಹೊಸೂರು ರಸ್ತೆಯ ಮೇಲೆ 2010ರಿಂದ ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ರಸ್ತೆ ಇದೆ, ತುಮಕೂರು ರಸ್ತೆಯ ಮೇಲೆ ಪೀಣ್ಯದ ಮೇಲ್ಸೇತುವೆ ಇದೆ. ರಾಗಿಗುಡ್ಡ ಮತ್ತು ಸಿಲ್ಕ್ ಬೋರ್ಡ್ ನಡುವೆ ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಮೆಟ್ರೊ. ಈ ಮೂರಕ್ಕೂ ಅಕ್ಷಾಂಶ ಒಂದೇ, ರೇಖಾಂಶವೂ ಒಂದೇ. ಯಾವ ಅಂತಸ್ತಿನಲ್ಲಿದ್ದೀರಿ ಎಂಬುದನ್ನು ಆ್ಯಪ್ ನಿಮ್ಮ ವೇಗ, ತಿರುವುಗಳಿಂದ ಊಹಿಸಬೇಕು. ಮೇಲ್ಸೇತುವೆ ಹತ್ತಬೇಕೇ ಬೇಡವೇ ಎಂದು ಮೊದಲೇ ಹೇಳುವ ಸೂಚನೆಯನ್ನು ಗೂಗಲ್ ಮ್ಯಾಪ್ಸ್ ಭಾರತದ ನಗರಗಳಿಗೆ ತಂದದ್ದು 2024ರ ಜುಲೈನಲ್ಲಿ; ಹತ್ತಿದ ಮೇಲೆ ಕಂಡುಹಿಡಿಯುವುದಕ್ಕಿಂತ ಹತ್ತುವ ಮೊದಲು ಹೇಳುವುದೇ ಸುಲಭ. ಸಿಲ್ಕ್ ಬೋರ್ಡ್ ಬಳಿಯ ಕವಲು ಬರುವ ಮುನ್ನವೇ ಪರದೆಯ ಬಾಣಕ್ಕಿಂತ ರಸ್ತೆಯ ಹಸಿರು ಫಲಕವನ್ನು ಓದಿ. ಮೇಲೆ–ಕೆಳಗಿನ ರಸ್ತೆಗಳಂತೆ ಅಕ್ಕಪಕ್ಕದ ರಸ್ತೆಗಳನ್ನು ಬೇರ್ಪಡಿಸುವುದೂ ಕಷ್ಟ. ಹೆದ್ದಾರಿಯ ಟೋಲನ್ನು ಉಪಗ್ರಹದ ಲೆಕ್ಕದಿಂದ ವಸೂಲಿ ಮಾಡುವ ಯೋಜನೆಯ ಪ್ರಾಯೋಗಿಕ ಅಧ್ಯಯನ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ನಡೆದಿತ್ತು. 2025ರ ಮೇ ತಿಂಗಳಿಂದ ಅದು ದೇಶದಾದ್ಯಂತ ಜಾರಿಗೆ ಬರುತ್ತದೆಂಬ ಸುದ್ದಿ ಹರಡಿದಾಗ, ಅಂಥ ತೀರ್ಮಾನ ಆಗಿಲ್ಲವೆಂದು ಹೆದ್ದಾರಿ ಸಚಿವಾಲಯವೇ ಸ್ಪಷ್ಟಪಡಿಸಿತು. ಹೆದ್ದಾರಿ, ಅದಕ್ಕಂಟಿದ ಸರ್ವಿಸ್ ರಸ್ತೆ ಇವೆರಡರ ನಡುವೆ ಕೆಲವೇ ಮೀಟರ್ ಅಂತರವಿರುವಾಗ, ಹಣ ಕತ್ತರಿಸುವಷ್ಟು ಖಚಿತತೆ ಬೇಕೆಂದರೆ ಎಚ್ಚರಿಕೆ ನ್ಯಾಯವೇ.

ಇನ್ನು ಉಪಗ್ರಹದ್ದಲ್ಲದ ಪದರಗಳ ವಿಷಯ. ‘ನನಗೆ ಎಲ್ಲವೂ ಒಂದೇ ಆ್ಯಪ್. ಜಾಗ ತಪ್ಪಿತೋ ನಕ್ಷೆ ತಪ್ಪಿತೋ, ತಡವಾದದ್ದು ತಡವಾಯಿತಲ್ಲ’ ಎಂದು ಯಾರಾದರೂ ಕೇಳಬಹುದು. ಮಾತಿನಲ್ಲಿ ಸತ್ಯವಿದೆ, ಆದರೆ ಪ್ರತಿ ತಪ್ಪಿನ ಪರಿಹಾರವೂ ಅಪಾಯವೂ ಬೇರೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹಕ್ಕೆ ಕೊಚ್ಚಿಹೋಗಿದ್ದ ರಾಮಗಂಗಾ ಸೇತುವೆಯ ಅರ್ಧದಿಂದ ಕಾರೊಂದು ಕೆಳಗೆ ಬಿದ್ದು ಮೂವರು ಸತ್ತರು. ಅಲ್ಲಿ ಉಪಗ್ರಹಗಳು ತಪ್ಪಿದವೆಂದು ಹೇಳಲು ಕಾರಣವಿಲ್ಲ. ಕಾರು ಸೇತುವೆಯ ಮೇಲೆ ಇದ್ದದ್ದು ನಿಜ, ಮುಂದೆ ಸೇತುವೆ ಇಲ್ಲ ಎಂಬುದು ನಕ್ಷೆಗೆ ಗೊತ್ತಿರಲಿಲ್ಲ, ದಾರಿಗೆ ಗಟ್ಟಿಯಾದ ಅಡ್ಡಗಟ್ಟು ಇರಲಿಲ್ಲ. ದಟ್ಟಣೆಯ ಕೆಂಪು ಗೆರೆಯೂ ಆಕಾಶದಿಂದ ಬಂದದ್ದಲ್ಲ. ರಸ್ತೆಯಲ್ಲಿರುವ ಇತರ ಫೋನುಗಳು ಎಷ್ಟು ನಿಧಾನವಾಗಿ ಸಾಗುತ್ತಿವೆ ಎಂಬ ಲೆಕ್ಕ ಅದು. 2020ರಲ್ಲಿ ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನು ಕೈಗಾಡಿಯಲ್ಲಿಟ್ಟು ಖಾಲಿ ರಸ್ತೆಯಲ್ಲಿ ಎಳೆದುಕೊಂಡು ಹೋದಾಗ ನಕ್ಷೆ ಆ ರಸ್ತೆಯನ್ನು ಕೆಂಪಾಗಿಸಿತು. ಇದರಿಂದ ನಮಗೆ ತಿಳಿಯಬೇಕಾದದ್ದು ಇಷ್ಟು: ನೂರಾರು ಫೋನು ಓಡಾಡುವ ಹೊರ ವರ್ತುಲ ರಸ್ತೆಯಲ್ಲಿ ದಟ್ಟಣೆಯ ಅಂದಾಜನ್ನು ನಂಬಬಹುದು. ಇಮ್ಮಡಿಹಳ್ಳಿಯ, ದೊಡ್ಡತೋಗೂರಿನ ಒಳಗಲ್ಲಿಗಳಲ್ಲಿ ಫೋನುಗಳು ವಿರಳ, ಅಂದಾಜೂ ದುರ್ಬಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಮುಳುಗಿದಂಥ ಮಳೆಯಲ್ಲಿ ಯಾರೂ ಓಡಾಡದ ರಸ್ತೆ ಪರದೆಯ ಮೇಲೆ ಖಾಲಿ ರಸ್ತೆಯಂತೆಯೇ ಕಾಣುವ ಸಂಭವವಿದೆ. ಜೋರು ಮಳೆಯ ರಾತ್ರಿ ಆ್ಯಪ್ ಹೊಸ ಅಡ್ಡದಾರಿ ತೋರಿಸಿದರೆ ಹೋಗಬೇಡಿ, ಗೊತ್ತಿರುವ ದೊಡ್ಡ ರಸ್ತೆಯನ್ನೇ ಹಿಡಿಯಿರಿ.

ಪೀಣ್ಯದ ವಿಳಾಸಗಳು ಹೊಸಬರಿಗೆ ಕಾಡುವುದಕ್ಕೂ ಕಾರಣ ನಕ್ಷೆಯದ್ದೇ. ಹಂತ, ಮೇನ್, ಕ್ರಾಸ್ ಸಂಖ್ಯೆಗಳು ಒಂದರ ಮೇಲೊಂದು ಮರುಕಳಿಸುವ ಕಡೆ ಹೆಸರಿನಿಂದ ಹುಡುಕಿದರೆ ಬೇರೆ ಹಂತದ ಅದೇ ಕ್ರಾಸಿಗೆ ಲಾರಿ ಹೋಗಿ ನಿಲ್ಲುತ್ತದೆ. ವ್ಯಾಪಾರದವರು ಸರಕಿನ ರಸೀದಿಯಲ್ಲಿ ವಿಳಾಸದ ಕೆಳಗೆ ಅಕ್ಷಾಂಶ, ರೇಖಾಂಶ ಅಥವಾ ಅಂಚೆ ಇಲಾಖೆ 2025ರಲ್ಲಿ ತಂದ ‘ಡಿಜಿಪಿನ್’ ಸಂಕೇತವನ್ನು ಅಚ್ಚು ಹಾಕಿಸುವುದು ಒಳ್ಳೆಯ ಅಭ್ಯಾಸ. ಹತ್ತು ಅಕ್ಷರ–ಅಂಕಿಗಳ ಡಿಜಿಪಿನ್ ಸುಮಾರು ನಾಲ್ಕು ಮೀಟರ್ ಚೌಕವನ್ನು ಸೂಚಿಸುತ್ತದೆ. ಲಾರಿ ಒಳಬರುವ ಗೇಟಿನ ಸಂಕೇತವನ್ನೇ ಕೊಡಿ. ಕಟ್ಟಡದ ನಡುಮಧ್ಯದ ಬಿಂದು ಚಾಲಕನಿಗೆ ಉಪಯೋಗವಿಲ್ಲ.

ಜಿಪಿಎಸ್ ಪುಕ್ಕಟೆ ಸಿಗುತ್ತಿರುವಾಗ ನಮ್ಮದೇ ನಾವಿಕ್‌ಗೆ ಹಣ ಸುರಿಯುವುದೇಕೆ ಎಂಬ ಆಕ್ಷೇಪವನ್ನು ಓದುಗರಲ್ಲಿ ಹಲವರು ಕೇಳಿರುತ್ತಾರೆ. 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು ಎಂಬುದೇ ಇದಕ್ಕೆ ಉತ್ತರ. ವ್ಯವಸ್ಥೆಯ ಒಡೆಯ ಮನಸ್ಸು ಮಾಡಿದರೆ ಏನು ಮಾಡಬಹುದೆಂದು ಊಹಿಸಬೇಕಾಗಿಲ್ಲ. ರಷ್ಯಾ, ಯುರೋಪು, ಚೀನಾ ತಮ್ಮವೇ ವ್ಯವಸ್ಥೆ ಕಟ್ಟಿಕೊಂಡದ್ದು ಸುಮ್ಮನಲ್ಲ. ಭಾರತ 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿಸಿ, 2016ರ ಏಪ್ರಿಲ್‌ನಲ್ಲಿ ಏಳನೆಯದನ್ನು ಕಕ್ಷೆಗೆ ಸೇರಿಸಿತು. ಅವು ಜಿಪಿಎಸ್‌ಗಿಂತ ಎತ್ತರದಲ್ಲಿ, ಸುಮಾರು 36,000 ಕಿ.ಮೀ. ಮೇಲೆ, ಸದಾ ನಮ್ಮ ಭೂಭಾಗದತ್ತಲೇ ಇರುವಂತೆ ನೆಲೆಗೊಂಡಿವೆ. ದೇಶ ಮತ್ತು ಗಡಿಯಾಚೆ 1,500 ಕಿ.ಮೀ. ಅವುಗಳ ವ್ಯಾಪ್ತಿ. ಹಾಸನದ ನಿಯಂತ್ರಣ ಕೇಂದ್ರಕ್ಕೂ ಈ ಉಪಗ್ರಹಗಳ ನಿರ್ವಹಣೆಯಲ್ಲಿ ಪಾಲಿದೆ. ಆದರೆ ಅಭಿಮಾನಕ್ಕಾಗಿ ಸತ್ಯ ಮುಚ್ಚಬಾರದು. ವಿದೇಶದಿಂದ ತಂದ ರುಬಿಡಿಯಂ ಗಡಿಯಾರಗಳು ಒಂದೊಂದಾಗಿ ನಿಂತವು. 2017ರಲ್ಲಿ ಬದಲಿ ಉಪಗ್ರಹ ರಾಕೆಟ್ಟಿನ ಶಾಖಕವಚದೊಳಗೇ ಸಿಕ್ಕಿಬಿತ್ತು. ಸ್ವದೇಶಿ ಪರಮಾಣು ಗಡಿಯಾರ ಹೊತ್ತ ಎನ್‌ವಿಎಸ್-01 ಅನ್ನು 2023ರ ಮೇ ತಿಂಗಳಲ್ಲಿ ಹಾರಿಸಿ ಗೆದ್ದೆವು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಸೇರಲಿಲ್ಲ. ಹಾರಿಸಿದ ಹನ್ನೊಂದರಲ್ಲಿ ಸ್ಥಾನ ತಿಳಿಸುವ ಕೆಲಸ ಮಾಡುತ್ತಿರುವುದು ನಾಲ್ಕು ಎಂದು 2025ರಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಇದು ನಾವಿಕ್ ಕೈಬಿಡಲು ಕಾರಣವಲ್ಲ, ಬೇಗ ಬೇಗ ಬದಲಿ ಉಪಗ್ರಹ ಹಾರಿಸಲು ಕಾರಣ. ಬಳಕೆದಾರನಿಗೆ ಇಂದಿನ ಮಟ್ಟಿಗೆ ಲಾಭ ಎಲ್ಲವೂ ಕೂಡಿದಾಗ: ಸೌಲಭ್ಯವಿರುವ ಫೋನು ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೂ, ನಾವಿಕ್ ಸಂಕೇತಗಳನ್ನು ಒಟ್ಟಿಗೆ ಕೇಳುತ್ತದೆ, ಕಟ್ಟಡಗಳ ನಡುವಿನ ಸಣ್ಣ ಆಕಾಶದಲ್ಲೂ ನಾಲ್ಕಕ್ಕಿಂತ ಹೆಚ್ಚು ಉಪಗ್ರಹ ಸಿಗುತ್ತವೆ. ನಿಮ್ಮ ಫೋನು ಯಾವುದನ್ನು ಹಿಡಿಯುತ್ತಿದೆ ಎಂದು ಆಂಡ್ರಾಯ್ಡ್‌ನಲ್ಲಿ ‘ಜಿಪಿಎಸ್‌ಟೆಸ್ಟ್’ ಆ್ಯಪ್ ದೇಶಗಳ ಬಾವುಟ ಸಮೇತ ತೋರಿಸುತ್ತದೆ.

ಉಪಗ್ರಹ ನಮ್ಮನ್ನು ಹಿಂಬಾಲಿಸುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅದು ಬಿತ್ತರಿಸುತ್ತದೆ, ಅಷ್ಟೆ; ಯಾರು ಕೇಳುತ್ತಿದ್ದಾರೆಂದು ಅದಕ್ಕೆ ತಿಳಿಯದು. ಇಂಟರ್ನೆಟ್ ಇಲ್ಲದೆಯೂ ನೀಲಿ ಚುಕ್ಕೆ ಸಿಗುವುದು ಅದಕ್ಕೇ. ಘಟ್ಟದ ಕಡೆ ಹೋಗುವವರು ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ಕಾಣುತ್ತದೆ. ಹಿಂಬಾಲಿಸುವುದು ಫೋನಿನೊಳಗಿನ ಆ್ಯಪ್. ಪ್ರತಿ ಆ್ಯಪ್‌ಗೂ ‘ಬಳಸುವಾಗ ಮಾತ್ರ’ ಎಂಬ ಅನುಮತಿ ಕೊಡಿ. ಹವಾಮಾನದ ಆ್ಯಪ್‌ಗೆ ನಿಖರ ಸ್ಥಳ ಬೇಕಿಲ್ಲ. ಇದೇ ತಿಳಿವಳಿಕೆ ರಾತ್ರಿ ಪಾಳಿಯ ವಾಹನಗಳಿಗೂ ಬೇಕು. ವಾಹನದ ಟ್ರ್ಯಾಕಿಂಗ್ ಸಾಧನ ಉಪಗ್ರಹದಿಂದ ಸ್ಥಾನ ತಿಳಿದು, ಅದನ್ನು ಸಿಮ್ ಮೂಲಕ ಕಂಪನಿಗೂ ನಿಯಂತ್ರಣ ಕೊಠಡಿಗೂ ಕಳಿಸುತ್ತದೆ. ಸಿಮ್ ಕೆಲಸ ನಿಲ್ಲಿಸಿದ್ದರೆ ತಲೆಯ ಮೇಲೆ ಎಷ್ಟು ಉಪಗ್ರಹವಿದ್ದರೂ ಆ ಕ್ಯಾಬ್ ಯಾರಿಗೂ ಕಾಣುವುದಿಲ್ಲ. ಸಾರಿಗೆ ನೋಡಿಕೊಳ್ಳುವ ಸಿಬ್ಬಂದಿ ತುರ್ತು ಗುಂಡಿಯನ್ನು ತಿಂಗಳಿಗೊಮ್ಮೆ ನಿಜವಾಗಿಯೂ ಒತ್ತಿ, ಆ ಕರೆ ಎಲ್ಲಿಗೆ ತಲುಪುತ್ತದೆ ಎಂದು ನೋಡಬೇಕು. ರಾತ್ರಿ ಮನೆಗೆ ಮರಳುವ ಹೆಣ್ಣುಮಕ್ಕಳು ವಾಟ್ಸ್ಆ್ಯಪ್‌ನ ‘ಲೈವ್ ಲೊಕೇಶನ್’ ಅನ್ನು ಒಂದು ಗಂಟೆಗೆ ಮನೆಯವರಿಗೆ ಕಳಿಸುವುದು ಎರಡನೇ ಭದ್ರತೆ.

ಫೋನಿನಲ್ಲಿ ನಕ್ಷೆಯನ್ನೇ ತೆರೆಯದವರಿಗೂ ಈ ಉಪಗ್ರಹಗಳ ಹಂಗು ಇದೆ, ಸಮಯದ ರೂಪದಲ್ಲಿ. ಮೊಬೈಲ್ ಟವರುಗಳು ಒಂದರ ಸಂಕೇತ ಇನ್ನೊಂದಕ್ಕೆ ಬಡಿಯದಂತೆ ಮೈಕ್ರೋಸೆಕೆಂಡಿನ ಮಟ್ಟದಲ್ಲಿ ಹೊಂದಿಕೊಂಡಿರಬೇಕು. ವಿದ್ಯುತ್ ಜಾಲದ ಬೇರೆ ಬೇರೆ ತುದಿಗಳಲ್ಲಿ ಒಂದೇ ಕ್ಷಣದ ಅಳತೆ ತೆಗೆಯಬೇಕು. ಎರಡಕ್ಕೂ ಗಡಿಯಾರ ಸಿಗುವುದು ಆಕಾಶದಿಂದ. ಆದ್ದರಿಂದಲೇ ಮಾಲೀಕರ ಕಣ್ಣು ತಪ್ಪಿಸಲು ಕೆಲವು ಚಾಲಕರು ಬಳಸುವ, ಉಪಗ್ರಹದ ಸಂಕೇತವನ್ನು ಮುಚ್ಚಿಹಾಕುವ ಅಗ್ಗದ ಜಾಮರ್ ಸಣ್ಣ ಅಪರಾಧವಲ್ಲ. ಅಮೆರಿಕದ ನ್ಯೂಆರ್ಕ್‌ನಲ್ಲಿ ಹೀಗೆ ಜಾಮರ್ ಇಟ್ಟುಕೊಂಡಿದ್ದ ಚಾಲಕನೊಬ್ಬ ಪಕ್ಕದ ವಿಮಾನ ನಿಲ್ದಾಣದ ಉಪಕರಣವನ್ನೇ ಕೆಡಿಸಿ, 2013ರಲ್ಲಿ 31,875 ಡಾಲರ್ ದಂಡಕ್ಕೆ ಗುರಿಯಾದ. ಭಾರತದಲ್ಲೂ ಖಾಸಗಿಯವರು ಅನುಮತಿಯಿಲ್ಲದೆ ಜಾಮರ್ ಬಳಸುವುದು ಕಾನೂನುಬಾಹಿರ. 2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದ ಸುತ್ತ ಸುಳ್ಳು ಸಂಕೇತದ ಹಾವಳಿ ಕಾಣಿಸಿಕೊಂಡ ಮೇಲೆ ಈ ವಿಷಯವನ್ನು ಹಗುರವಾಗಿ ನೋಡುವಂತಿಲ್ಲ.

ಹೊರವಲಯದಲ್ಲಿ ಈ ತಂತ್ರಜ್ಞಾನವನ್ನು ಅತಿಯಾಗಿ ನಂಬಿ ಜನ ಹೆಚ್ಚು ಕಳೆದುಕೊಳ್ಳಬಹುದಾದ ಕಡೆಯೆಂದರೆ ನಿವೇಶನ ಖರೀದಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ನಿಜಕ್ಕೂ ಒಳ್ಳೆಯ ಸಾಧನ. ದಲ್ಲಾಳಿ ಹೇಳುವ ಸರ್ವೆ ನಂಬರೇ ಬೇರೆ, ಇರುವ ಜಾಗವೇ ಬೇರೆ ಎಂಬುದನ್ನು, ಕೆರೆ ಅಂಗಳವನ್ನೋ ರಾಜಕಾಲುವೆಯನ್ನೋ ಮಾರುತ್ತಿದ್ದಾರೆಯೇ ಎಂಬುದನ್ನು ಅದು ಮೇಲ್ನೋಟಕ್ಕೆ ಹೇಳಬಲ್ಲದು. ಆದರೆ ಗಡಿ ಹೇಳಲಾರದು. 30×40 ಅಡಿ ನಿವೇಶನದ ಅಗಲ ಸುಮಾರು ಒಂಬತ್ತು ಮೀಟರ್. ಫೋನಿನ ಐದು ಮೀಟರ್ ತಪ್ಪು ಅದರ ಅರ್ಧಕ್ಕಿಂತ ಹೆಚ್ಚು. ಇದರ ಮೇಲೆ, ಸರಪಳಿ ಹಿಡಿದು ಅಳೆದ ಕಾಲದ ಗ್ರಾಮ ನಕಾಶೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸುವಾಗ ಆಗುವ ತಪ್ಪು ಬೇರೆ ಸೇರುತ್ತದೆ. ಭೂಮಾಪಕರು ಈಗ ಬಳಸುತ್ತಿರುವ ‘ರೋವರ್’ ಎಂಬ ಉಪಕರಣ ಕೂಡ ಇದೇ ಉಪಗ್ರಹಗಳನ್ನು ಕೇಳುತ್ತದೆ. ಆದರೆ ಸ್ಥಾನ ಖಚಿತವಾಗಿರುವ ನೆಲದ ಕೇಂದ್ರಗಳಿಂದ ಆ ಕ್ಷಣದ ತಿದ್ದುಪಡಿ ಪಡೆದು ಕೆಲವೇ ಸೆಂಟಿಮೀಟರುಗಳ ನಿಖರತೆ ಮುಟ್ಟುತ್ತದೆ. ಆಗಲೂ ಬಾಂದು ಕಲ್ಲು ಎಲ್ಲಿರಬೇಕೆಂದು ತೀರ್ಮಾನಿಸುವುದು ದಾಖಲೆ, ಯಂತ್ರವಲ್ಲ. ದಿಶಾಂಕ್ ನೋಡಿ ಅನುಮಾನ ಬಂದರೆ ಖರೀದಿ ನಿಲ್ಲಿಸಿ. ಅನುಮಾನ ಬರದಿದ್ದರೂ ಮುಂಗಡ ಕೊಡುವ ಮುನ್ನ ಹದ್ದುಬಸ್ತು, ಅಂದರೆ ಅಧಿಕೃತ ಗಡಿ ಅಳತೆ, ಮಾಡಿಸಿಕೊಡುವಂತೆ ಮಾರುವವರನ್ನು ಕೇಳಿ. ಫೋನಿನ ನಕ್ಷೆ ನೋಡಿ ಕಾಂಪೌಂಡ್ ಕಟ್ಟಬೇಡಿ.

ಅಪಘಾತ, ಬೆಂಕಿ, ಹೃದಯಾಘಾತದಂಥ ತುರ್ತಿನಲ್ಲಿ ಮಾತ್ರ ಇದೇ ಐದು ಮೀಟರಿನ ನಿಖರತೆ ಧಾರಾಳವಾಗಿ ಸಾಕು. 108 ಅಥವಾ 112ಕ್ಕೆ ಕರೆ ಮಾಡುವವರು ‘ಮೂರನೇ ಕ್ರಾಸ್, ನೀರಿನ ಟ್ಯಾಂಕ್ ಹತ್ತಿರ’ ಎನ್ನುವುದರ ಜೊತೆಗೆ ಅಂಕಿಗಳನ್ನೂ ಓದಿ ಹೇಳಬಹುದು. ನಕ್ಷೆಯಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ವೈಟ್‌ಫೀಲ್ಡ್‌ನಲ್ಲಾದರೆ ಅವು 12.9, 77.7 ಎಂದು ಶುರುವಾಗುತ್ತವೆ. ಬಿಂದುವಿನ ನಂತರ ಎರಡೇ ಅಂಕಿ ಹೇಳಿದರೆ ಒಂದು ಕಿಲೋಮೀಟರಿನಷ್ಟು ಅನುಮಾನ ಉಳಿಯುತ್ತದೆ, ನಾಲ್ಕು ಹೇಳಿದರೆ ಹನ್ನೊಂದು ಮೀಟರಿನಷ್ಟು. ಪೀಣ್ಯ, ಬೊಮ್ಮಸಂದ್ರದ ಘಟಕಗಳ ಮಾಲೀಕರಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ವಿನಂತಿ: ನಿಮ್ಮ ಮುಖ್ಯ ಗೇಟಿನ ಅಕ್ಷಾಂಶ, ರೇಖಾಂಶಗಳನ್ನು ನಾಲ್ಕು ದಶಾಂಶ ಸ್ಥಾನದವರೆಗೆ ದೊಡ್ಡ ಅಂಕಿಗಳಲ್ಲಿ ಬರೆಸಿ, ಕಾವಲುಗಾರರ ಕೊಠಡಿಯ ಗೋಡೆಯ ಮೇಲೆ ತುರ್ತು ದೂರವಾಣಿ ಸಂಖ್ಯೆಗಳ ಪಕ್ಕದಲ್ಲಿ ಹಾಕಿಸಿ. ರಾತ್ರಿ ಪಾಳಿಯ ಕಾವಲುಗಾರರಿಂದ ಅದನ್ನು ಒಮ್ಮೆ ಜೋರಾಗಿ ಓದಿಸಿ.